ಸೊಲ್ಲಾಪುರದಿಂದ ಮಕ್ಕಳ ಜತೆ ಕೋಟೆ-ಗುಮ್ಮಟ ನೋಡಲು: ವಿಜಯಪುರವೋ, ಬಾದಾಮಿಯೋ, ಬೀದರವೋ?

ದೀಪಾವಳಿ ರಜೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಜಗಳ. ಈ ಸಲ ಎಲ್ಲಿಗೆ? ಮಗಳಿಗೆ ಒಂಬತ್ತು ವರ್ಷ, ಅವಳಿಗೆ ಕೋಟೆ ಬೇಕು. ಮಗನಿಗೆ ಐದೂವರೆ, ಅವನಿಗೆ ತೋಪು ಬೇಕು. ನಮ್ಮಪ್ಪನಿಗೆ, ಅಂದರೆ ಮಕ್ಕಳ ಮುತ್ಯಾನಿಗೆ, ಮೊಣಕಾಲು ನೋವು. ನೆರಳಿರುವ ಒಂದು ಕಟ್ಟೆ ಸಿಕ್ಕರೆ ಅವರಿಗೆ ಸಾಕು. ನನ್ನ ಹೆಂಡತಿ ಮೊದಲು ಕೇಳುವುದು ಅಲ್ಲಿ ಪಾಯಖಾನೆ ಹೇಗಿದೆ ಅಂತ. ನನಗೆ ಕತ್ತಲಾದ ಮೇಲೆ ಗಾಡಿ ಓಡಿಸುವುದು ಬೇಡ. ಐದು ಜನ, ಒಂದು ಹಳೆಯ ಸಣ್ಣ ಕಾರು.

ಈ ವಿಷಯದಲ್ಲಿ ಸೊಲ್ಲಾಪುರದವರು ಪುಣ್ಯವಂತರು. ದಕ್ಷಿಣಕ್ಕೆ 100 ಕಿಲೋಮೀಟರ್ ಹೋದರೆ ಆದಿಲಶಾಹಿಗಳ ವಿಜಯಪುರ. ಪೂರ್ವಕ್ಕೆ ಸುಮಾರು 110 ಕಿಲೋಮೀಟರ್ ಹೋದರೆ ಬಹಮನಿಗಳ ಕಲಬುರಗಿ, ಅಲ್ಲಿಂದ ಹೆಚ್ಚುಕಡಿಮೆ ಅಷ್ಟೇ ದೂರ ಮುಂದೆ ಬೀದರ. ವಿಜಯಪುರ ದಾಟಿ ಕೃಷ್ಣೆಯ ಆಚೆ ಹೋದರೆ ಚಾಲುಕ್ಯರ ಬಾದಾಮಿ, ಒಟ್ಟು ಸುಮಾರು 230 ಕಿಲೋಮೀಟರ್. ಇನ್ನು ನಳದುರ್ಗ ಅಂತೂ ಮನೆಯ ಹಿತ್ತಲಲ್ಲೇ ಇದೆ, 45 ಕಿಲೋಮೀಟರ್. ಅಕ್ಕಲಕೋಟೆ, ಮಂದ್ರೂಪ ಕಡೆಯವರಿಗೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ.

ಕಳೆದ ಒಂದೂವರೆ ವರ್ಷದಲ್ಲಿ ಈ ಎಲ್ಲ ಕಡೆ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಂದಿದ್ದೇವೆ. ಯಾರಾದರೂ "ಯಾವುದು ಚೆನ್ನಾಗಿದೆ" ಎಂದು ಕೇಳಿದರೆ ನಾನು ತಿರುಗಿ ಕೇಳುವುದು, "ನಿಮ್ಮ ಹುಡುಗನಿಗೆ ವಯಸ್ಸೆಷ್ಟು, ಅವನು ಕಾರಲ್ಲಿ ಎಷ್ಟು ತಾಸು ಕೂರುತ್ತಾನೆ?" ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ, ಅಲ್ಲಿ ಹೋಗಿ ಮಗು ಏನು ಮಾಡಬಹುದು ಅನ್ನುವುದು. ಮಕ್ಕಳಿಗೆ ಸುಮ್ನೆ ನೋಡುತ್ತಾ ನಿಲ್ಲಲು ಆಗುವುದಿಲ್ಲ. ಕೂಗಬೇಕು, ಹತ್ತಬೇಕು, ಎಣಿಸಬೇಕು, ಮುಟ್ಟಬೇಕು. ಶಿಲ್ಪ ಎಷ್ಟೇ ದೊಡ್ಡದಿರಲಿ, ಹತ್ತು ನಿಮಿಷದ ಮೇಲೆ ಅವರ ಕಣ್ಣು ಐಸ್‌ಕ್ರೀಮ್ ಗಾಡಿಯ ಮೇಲೇ.

ಮೊದಲು ನಳದುರ್ಗಕ್ಕೆ ಹೋಗಿ ನೋಡಿ

ಮಕ್ಕಳ ಜತೆ ದೂರ ಹೋಗಿ ಅಭ್ಯಾಸ ಇಲ್ಲದಿದ್ದರೆ ನೇರವಾಗಿ ಬಾದಾಮಿ, ಬೀದರಕ್ಕೆ ಕೈ ಹಾಕಬೇಡಿ. ಹೈದರಾಬಾದ್ ರಸ್ತೆ ಹಿಡಿದು ಒಂದು ತಾಸಿನಲ್ಲಿ ನಳದುರ್ಗ. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹುಡುಗ ದಾರಿಯಲ್ಲಿ ವಾಂತಿ ಮಾಡಿಕೊಳ್ಳುತ್ತಾನೋ, ಬಿಸಿಲಿಗೆ ತಲೆ ಹಿಡಿದುಕೊಳ್ಳುತ್ತಾನೋ, ಮೆಟ್ಟಿಲು ಕಂಡರೆ ಎತ್ತಿಕೋ ಅನ್ನುತ್ತಾನೋ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಅಲ್ಲಿನ ಮುಖ್ಯ ಆಕರ್ಷಣೆ ಪಾಣಿ ಮಹಲ್. ಬೋರಿ ನದಿಗೆ ಅಡ್ಡ ಕಟ್ಟಿದ ಒಡ್ಡಿನ ಹೊಟ್ಟೆಯೊಳಗೇ ಒಂದು ಮನೆ. ಎರಡನೇ ಇಬ್ರಾಹಿಂ ಆದಿಲಶಹಾನ ಕಾಲದ ಕೆಲಸ, 1613ರದ್ದು. ಮಳೆ ಚೆನ್ನಾಗಿ ಬಿದ್ದು ನದಿ ತುಂಬಿದಾಗ ಒಡ್ಡಿನ ಮೇಲಿಂದ ನೀರು ಎರಡು ಕಡೆ ಧುಮುಕುತ್ತದೆ. ಅವಕ್ಕೆ ನರ, ಮಾದಿ ಎಂದು ಹೆಸರು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೋದರೆ ನೀರು ಸಿಗುವ ಸಂಭವ ಜಾಸ್ತಿ. ಬೇಸಿಗೆಯಲ್ಲಿ ಹೋದರೆ ಬರೀ ಕಲ್ಲು. ಮಳೆಯಾಗದ ವರ್ಷ ಮಕ್ಕಳಿಗೆ "ಜಲಪಾತ ತೋರಿಸ್ತೀನಿ" ಎಂದು ಆಸೆ ಹುಟ್ಟಿಸಿ ಹೋಗಬೇಡಿ, ನಾನು ಒಮ್ಮೆ ಅನುಭವಿಸಿದ್ದೇನೆ.

ವಿಜಯಪುರ: ಎಂಟರ ಒಳಗಿನ ಮಕ್ಕಳಿಗೆ ಇದೇ

ನನ್ನನ್ನು ಒಂದೇ ಹೆಸರು ಹೇಳು ಅಂದರೆ ವಿಜಯಪುರ ಅನ್ನುತ್ತೇನೆ. ಬಾದಾಮಿ ಇದಕ್ಕಿಂತ ಸುಂದರ, ಅದು ಗೊತ್ತು. ಆದರೂ ಸಣ್ಣ ಮಕ್ಕಳಿದ್ದರೆ ವಿಜಯಪುರವೇ.

ಹೋಗುವುದು ಸುಲಭ. ಟಾಕಳಿ ದಾಟಿ ಭೀಮಾ ನದಿಯ ಸೇತುವೆ ಹತ್ತಿದರೆ ಆಚೆ ಧೂಳಖೇಡ, ಅಲ್ಲಿಂದ ಕರ್ನಾಟಕ. ಆಮೇಲೆ ಝಳಕಿ, ಹೊರ್ತಿ, ವಿಜಯಪುರ. ಎರಡು ತಾಸಿನ ದಾರಿ. ಬೆಳಗ್ಗೆ ಐದಕ್ಕೆ ಹೊರಟುಬಿಡಿ. ಮಕ್ಕಳು ಹೇಗೂ ನಿದ್ದೆಯಲ್ಲಿರುತ್ತಾರೆ, ಹಾಗೇ ಎತ್ತಿ ಹಿಂದಿನ ಸೀಟಿಗೆ ಹಾಕಿದರೆ ಆಯಿತು. ಇಷ್ಟು ಬೇಗ ಯಾಕೆ ಅಂತ ಕೇಳಬಹುದು. ಗೋಲ ಗುಮ್ಮಟ ಬೆಳಗಿನ ಹೊತ್ತು ಮಾತ್ರ ಮಾತಾಡುತ್ತದೆ. ಹತ್ತು ಗಂಟೆಯ ಮೇಲೆ ಶಾಲೆಯ ಬಸ್ಸುಗಳು ಬಂದು ನಿಲ್ಲುತ್ತವೆ. ಇನ್ನೂರು ಹುಡುಗರು ಒಟ್ಟಿಗೆ "ಓಓಓ" ಅನ್ನತೊಡಗಿದರೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕಿವಿ ಮುಚ್ಚಿಕೊಂಡು ನಿಲ್ಲಬೇಕಾಗುತ್ತದೆ.

ಗುಮ್ಮಟದ ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಗೋಪುರಗಳಿವೆ. ಮೆಟ್ಟಿಲು ಇರುವುದು ಅವುಗಳೊಳಗೆ. ಮೆಟ್ಟಿಲು ಎತ್ತರ, ಜಾಗ ಇಕ್ಕಟ್ಟು, ಇಳಿಯುವವರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಪ್ರತಿ ಅಂತಸ್ತಿನಲ್ಲೂ ಕಿಟಕಿಗಳಿವೆ, ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು. ಐದೂವರೆ ವರ್ಷದವನು ತಾನೇ ಹತ್ತಿದ. ಅವನಿಗಿಂತ ಸಣ್ಣವರನ್ನು ಎತ್ತಿಕೊಂಡು ಹತ್ತಬೇಕು. ಎತ್ತಿಕೊಂಡು ಹತ್ತುವುದು ಹೇಗೋ ಆಗುತ್ತದೆ, ಇಳಿಯುವಾಗ ಮೆಟ್ಟಿಲೇ ಕಾಣುವುದಿಲ್ಲ, ಹುಷಾರು. ಮುತ್ಯಾ ಕೆಳಗೇ ಹುಲ್ಲುಹಾಸಿನ ಪಕ್ಕ ಮರದ ನೆರಳಲ್ಲಿ ಉಳಿದರು. ಆ ಮಟ್ಟಿಗೆ ಈ ಆವರಣ ಹಿರಿಯರಿಗೂ ಒಳ್ಳೆಯದು.

ಮೇಲೆ ಹೋದ ಮೇಲೆ ನಡೆದದ್ದನ್ನು ಹೇಳಲೇಬೇಕು. ಗುಮ್ಮಟದ ಒಳಸುತ್ತಿನಲ್ಲಿ ಸುಮಾರು ಮೂರು ಮೀಟರ್ ಅಗಲದ ಜಗಲಿ ಇದೆ. ನಾನು, ಮಗಳು ಒಂದು ಕಡೆ ಗೋಡೆಗೆ ಕಿವಿ ಹಚ್ಚಿ ಕುಳಿತೆವು. ಮಗನನ್ನು ಅವನ ಅವ್ವನ ಜತೆ ಎದುರು ಬದಿಗೆ ಕಳಿಸಿದೆವು. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಏನಾದರೂ ಹೇಳು ಅಂದಿದ್ದೆವು. ಮೊದಲು ಏನೂ ಇಲ್ಲ. ಆಮೇಲೆ ಗೋಡೆಯ ಒಳಗಿಂದಲೇ ಬಂದಂತೆ, ಕಿವಿಯ ಪಕ್ಕದಲ್ಲೇ, "ಅಕ್ಕಾ, ನನಗ ಸೂಸೂ ಬಂದೈತಿ." ಮಗಳು ನಕ್ಕು ನಕ್ಕು ಕೆಳಗೆ ಕುಳಿತುಬಿಟ್ಟಳು. ಅವಳ ನಗುವೂ ಮತ್ತೆ ಮತ್ತೆ ಮರುದನಿಸಿ ಗುಮ್ಮಟದ ತುಂಬ ಸುತ್ತಿತು. ದೂರದಲ್ಲಿ ನಿಂತಿದ್ದ ಕಾವಲುಗಾರನೂ ನಕ್ಕ. ಅಷ್ಟೂ ಮೆಟ್ಟಿಲು ಇಳಿದು ಓಡಬೇಕಾಯಿತು ಅನ್ನುವುದು ಬೇರೆ ಮಾತು. ಮೇಲೆ ಹತ್ತುವ ಮುಂಚೆ ಮಕ್ಕಳನ್ನು ಕೆಳಗೆ ಒಮ್ಮೆ ಕರೆದುಕೊಂಡು ಹೋಗಿ ಬನ್ನಿ.

ಇದು ಹೇಗೆ ಕೇಳುತ್ತದೆ ಎಂದು ಮಗಳು ಕೇಳಿದಳು. ದನಿ ಬಾಗಿದ ಗೋಡೆಗೆ ಅಂಟಿಕೊಂಡೇ ಜಾರುತ್ತಾ ಹೋಗುತ್ತದೆ, ನಡುವಿನ ಬಯಲಿಗೆ ಚೆಲ್ಲುವುದಿಲ್ಲ, ಅದಕ್ಕೇ ಅಷ್ಟು ಸಣ್ಣ ದನಿಯೂ ಆಚೆ ಬದಿಗೆ ಮುಟ್ಟುತ್ತದೆ ಎಂದೆ. ಬೋಗುಣಿಯ ಅಂಚಿಗೆ ಗೋಲಿ ಉರುಳಿಸಿದರೆ ಅದು ಅಂಚು ಹಿಡಿದೇ ಸುತ್ತುತ್ತದಲ್ಲ, ಹಾಗೆ. ಇನ್ನೊಂದು ಪ್ರಶ್ನೆಗೆ ಉತ್ತರ ರೊಟ್ಟಿ ಕಟ್ಟಿದ್ದ ಅರಿವೆಯಲ್ಲಿ ಸಿಕ್ಕಿತು. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡಗಿನದು ಹೇಗೆ ಕೂತಿತು? ಎರಡು ಚೌಕ ಅರಿವೆ ತಗೊಂಡು ಒಂದರ ಮೇಲೊಂದು ಓರೆಯಾಗಿ ಹಾಸಿ. ಎಂಟು ಮೂಲೆಯ ನಕ್ಷತ್ರ ಆಗುತ್ತದೆ, ನಡುವೆ ಎಂಟು ಬದಿಯ ಜಾಗ ಉಳಿಯುತ್ತದೆ. ಒಂದನ್ನೊಂದು ಕತ್ತರಿಸುವ ಕಮಾನುಗಳಿಂದ ಇದನ್ನೇ ಗೋಡೆಯ ಮೇಲೆ ಮಾಡಿ, ಆ ನಡುವಿನ ಜಾಗಕ್ಕೆ ಗುಮ್ಮಟ ಕೂರಿಸಿದ್ದಾರೆ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಮುತ್ಯಾನ ಮುಂದೆ ಹುಲ್ಲಿನ ಮೇಲೆ ಅರಿವೆ ಹಾಸಿ ತೋರಿಸಿದಾಗ ಅವರೂ "ಹೌದಲ್ಲ!" ಅಂದರು. ಎಪ್ಪತ್ತು ವರ್ಷದಲ್ಲಿ ಅವರು ಇಲ್ಲಿಗೆ ಬಂದದ್ದು ಆರನೇ ಸಲವೋ ಏಳನೇ ಸಲವೋ.

ನಮ್ಮ ಕಡೆಯ ಮಕ್ಕಳಿಗೆ ವಿಜಯಪುರದಲ್ಲಿ ಇನ್ನೊಂದು ರುಚಿ ಇದೆ. ಮಹಾರಾಷ್ಟ್ರದ ನಾಲ್ಕನೇ ತರಗತಿಯಲ್ಲಿ ಶಿವಾಜಿ ಮಹಾರಾಜರ ಇತಿಹಾಸವೇ ಪಾಠ. ಪಠ್ಯಪುಸ್ತಕ ತರುವ ಬಾಲಭಾರತಿಯವರು ಅದನ್ನು ಕನ್ನಡದಲ್ಲೂ ತರುತ್ತಾರೆ, ಹಾಗಾಗಿ ಕನ್ನಡ ಶಾಲೆಯ ಮಕ್ಕಳಿಗೂ ಅಫಜಲಖಾನ, ಪ್ರತಾಪಗಡ ಎಲ್ಲ ಬಾಯಿಪಾಠ. ಗೋರಿಯ ಮುಂದೆ ನಿಂತು ಮಗಳು ಕೇಳಿದಳು, "ಇಂವ ನಮ್ಮ ಪುಸ್ತಕದಾಗಿನ ಆದಿಲಶಹಾನಾ?" ಹೌದು, ಅದೇ ಮನೆತನ. ಗೋಲ ಗುಮ್ಮಟ ಮಹಮ್ಮದ ಆದಿಲಶಹಾನದು, ಅವನು ತೀರಿಕೊಂಡದ್ದು 1656ರಲ್ಲಿ. ಶಿವಾಜಿಯ ತಂದೆ ಶಹಾಜಿ ಇದೇ ದರಬಾರಿನಲ್ಲಿ ಸರದಾರರಾಗಿದ್ದರು. ಅಫಜಲಖಾನ ಶಿವಾಜಿಯ ಮೇಲೆ ದಂಡೆತ್ತಿ ಹೊರಟದ್ದು 1659ರಲ್ಲಿ, ಮಹಮ್ಮದನ ಮಗನ ಕಾಲಕ್ಕೆ. ಪುಸ್ತಕದಲ್ಲಿ ವೈರಿಯಾಗಿ ಬರುವವರ ಮನೆಯೊಳಗೆ ನಿಂತಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಾದಳು. "ಇಷ್ಟ ಚಂದ ಕಟ್ಟಸ್ಯಾರ?" ಎಂದು ಆಮೇಲೆ ಕೇಳಿದಳು. ಕ್ಲಾಸಿನಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ.

ತೋಪು ಬೇಕೆಂದವನಿಗೆ ಮಲಿಕ್-ಎ-ಮೈದಾನ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಎನ್ನುತ್ತಾರೆ. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. 1854ರಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿದ್ದರು, ಕೊನೆಗೆ ವ್ಯಾಪಾರ ರದ್ದಾಯಿತು. "ನನ್ನ ಕಡೆ ಡಬ್ಬ್ಯಾಗ 150 ರೂಪಾಯಿ ಐತಿ" ಅಂದ ನಮ್ಮವನು. ಬಿಸಿಲಲ್ಲಿ ನಿಂತಿದ್ದರೂ ತೋಪು ಕೈಗೆ ಅಷ್ಟು ಬಿಸಿ ಹತ್ತುವುದಿಲ್ಲ ಅನ್ನುತ್ತಾರೆ. ನಾವು ಮುಟ್ಟಿದಾಗ ಎಂಟೂವರೆ ಗಂಟೆ, ತಣ್ಣಗೇ ಇತ್ತು. ಪಕ್ಕದಲ್ಲೇ ಉಪಲಿ ಬುರುಜು. ಸುಮಾರು 24 ಮೀಟರ್ ಎತ್ತರ, ಮೆಟ್ಟಿಲು ಹೊರಗಡೆ ಸುತ್ತಿಕೊಂಡು ಹೋಗುತ್ತದೆ, ಮೇಲೆ ಉದ್ದನೆಯ ತೋಪುಗಳು.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಒಂದೇ ದಿನದಲ್ಲಿ ಗೋಲ ಗುಮ್ಮಟ, ತೋಪು, ಬುರುಜು, ಬಾರಾ ಕಮಾನ, ಜುಮ್ಮಾ ಮಸೀದಿ, ಇಬ್ರಾಹಿಂ ರೋಜಾ ಎಲ್ಲ ಮುಗಿಸಬೇಕೆಂದು ಪಟ್ಟು ಹಿಡಿದೆ. ಇಬ್ರಾಹಿಂ ರೋಜಾ ಮುಟ್ಟುವಾಗ ಎರಡು ಗಂಟೆ. ಮಗ ಕಾರಲ್ಲಿ ನಿದ್ದೆ, ಮಗಳು ಸಿಟ್ಟು, ನನ್ನಾಕೆ ಮೌನ. ಇಡೀ ಊರಲ್ಲಿ ಕೆತ್ತನೆಗೆ ಎತ್ತಿದ ಕೈ ಅದು, ನಾನೊಬ್ಬನೇ ಹತ್ತು ನಿಮಿಷದಲ್ಲಿ ನೋಡಿ ಬಂದೆ. ಮೂರು ಸಾಕು. ಗುಮ್ಮಟ, ತೋಪು, ಬುರುಜು. ಮಿಕ್ಕಿದ್ದು ಇನ್ನೊಂದು ಸಲಕ್ಕೆ ಇರಲಿ. ಎರಡು ತಾಸಿನ ದಾರಿ ತಾನೆ?

ಬಾದಾಮಿ, ಪಟ್ಟದಕಲ್ಲು, ಐಹೊಳೆ: ಒಂಬತ್ತು ದಾಟಿದ ಮೇಲೆ

ಇದಕ್ಕೆ ಎರಡು ರಾತ್ರಿ ಬೇಕು. ಒಂದೇ ರಾತ್ರಿಯಲ್ಲಿ ಮುಗಿಸುತ್ತೇವೆ ಅನ್ನುವವರು ಮಕ್ಕಳಿಲ್ಲದೆ ಹೋಗುವವರು. ಹೋಗುವ ದಿನ ಐದು ತಾಸು ದಾರಿಯಲ್ಲೇ ಕಳೆಯುತ್ತದೆ, ನಡುವೆ ಕೊಲ್ಹಾರದಲ್ಲಿ ನಿಲ್ಲದೆ ಇರಲು ಆಗುವುದಿಲ್ಲ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಮನೆಯಿಂದ ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ನಮ್ಮೂರ ಶೇಂಗಾ ಚಟ್ನಿ ಇದ್ದರೆ ಹೋಟೆಲ್ಲೇ ಬೇಡ.

ಬಾದಾಮಿಗೆ ಒಂದು ದಿನ, ಪಟ್ಟದಕಲ್ಲು-ಐಹೊಳೆಗೆ ಒಂದು ದಿನ. ಬಾದಾಮಿಯಲ್ಲಿ ಗುಹೆಗಳು ನಾಲ್ಕು, ಒಂದರಿಂದ ಒಂದಕ್ಕೆ ಮೆಟ್ಟಿಲು. ಗೋಡೆಯ ಗಡಿಬಿಡಿ ಇಲ್ಲ, ಕೆಂಪು ಬಂಡೆಯನ್ನೇ ಕೊರೆದು ಮನೆ ಮಾಡಿದ್ದಾರೆ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನ ಇದೆ. ಆದರೆ ಮಕ್ಕಳನ್ನು ಮೊದಲನೇ ಗುಹೆಯಲ್ಲೇ ಹಿಡಿದು ನಿಲ್ಲಿಸಿ. ಹೊರಗೆ ಬಲಗಡೆ ನಟರಾಜನಿಗೆ 18 ಕೈ. ಎಣಿಸಲು ಹೇಳಿ, ಯಾರೂ ಮೊದಲ ಸಲ ಸರಿ ಎಣಿಸುವುದಿಲ್ಲ. ಎಡಗಡೆ ದ್ವಾರಪಾಲಕನ ಕೆಳಗೆ ಒಂದು ಸಣ್ಣ ಕೆತ್ತನೆ ಇದೆ, ದೊಡ್ಡವರು ದಾಟಿಕೊಂಡು ಹೋಗಿಬಿಡುತ್ತಾರೆ. ಒಂದೇ ತಲೆ, ಎರಡು ಮೈ. ಒಂದು ಮೈಯನ್ನು ಕೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಎತ್ತು. ಮಗಳು ಸ್ವಲ್ಪ ದೂರ ನಿಂತು ಅಂಗೈ ಎತ್ತಿ ಹಿಡಿದು ಆನೆ, ಎತ್ತು, ಆನೆ, ಎತ್ತು ಅಂತ ಅರ್ಧ ತಾಸು ಅಲ್ಲೇ ಆಡಿದಳು. ಬೇರೆ ಊರಿನ ಇಬ್ಬರು ಹುಡುಗರು ಬಂದು ಸೇರಿಕೊಂಡರು. ಆಮೇಲೆ ಅವಳೇ ಗೈಡ್.

ಮಂಗಗಳ ವಿಷಯ. ಬಾದಾಮಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳ ಒಂದು ಫರ್ಲಾಂಗ್ ದೂರದಿಂದಲೇ ಕೇಳುತ್ತದೆ. ಮಗನ ಕೈಯಲ್ಲಿದ್ದ ಬಿಸ್ಕಿಟ್ ಪುಡಿಕೆ ಹೋಯಿತು, ಅವನು ಹೆದರಿ ಅತ್ತ, ಮುಂದಿನ ಮೂರು ಗುಹೆಗಳನ್ನು ನನ್ನ ಹೆಗಲ ಮೇಲೆ ಕಣ್ಣು ಮುಚ್ಚಿಕೊಂಡೇ ನೋಡಿದ. ತಪ್ಪು ನಮ್ಮದೇ. ತಿನ್ನುವುದೆಲ್ಲ ಕಾರಲ್ಲೇ ಬಿಡಿ, ನೀರಿನ ಬಾಟಲಿ ಚೀಲದೊಳಗೆ ಇರಲಿ.

ಗುಹೆಯಿಂದ ಇಳಿದರೆ ಅಗಸ್ತ್ಯ ತೀರ್ಥದ ಕೆರೆ, ಅದರ ದಂಡೆಗೆ ಭೂತನಾಥ ಗುಡಿ. ಮುತ್ಯಾ ಗುಹೆ ಹತ್ತಲಿಲ್ಲ, ಇಲ್ಲೇ ನೆರಳಲ್ಲಿ ಕುಳಿತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಬಂದರೆ ಬಂಡೆಯ ಮೇಲಿಂದ ಎರಡು ಝರಿ ಇಳಿಯುತ್ತವೆ, ಅಕ್ಕ-ತಂಗಿ ಜಲಪಾತ ಎನ್ನುತ್ತಾರೆ. ಇದೇ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು ಕ್ರಿ.ಶ. 700ರದ್ದು. ತ್ರಿಪದಿಯ ಅತಿ ಹಳೆಯ ಉದಾಹರಣೆಗಳಲ್ಲಿ ಒಂದು. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಎಂದು ಮುತ್ಯಾ ಶುರು ಮಾಡಿದರು, ಬೀಸುಕಲ್ಲಿನ ಹಾಡಿನ ಧಾಟಿಯಲ್ಲಿ. ನಮ್ಮೂರಲ್ಲಿ ಅಂಗಡಿ ಬೋರ್ಡು, ಬಸ್ಸು, ನಳದ ಬಿಲ್ಲು ಎಲ್ಲ ಮರಾಠಿ. ಕನ್ನಡ ಮನೆಯೊಳಗೆ, ಶಾಲೆಯೊಳಗೆ. 1,300 ವರ್ಷದ ಹಿಂದೆ ಬಂಡೆಯ ಮೇಲೆ ಕನ್ನಡ ಬರೆದಿದ್ದರು ಅಂದಾಗ ಮಗಳು ನಂಬಲಿಲ್ಲ. "ಯಾಕ ಇಷ್ಟ ಮ್ಯಾಲ ಬರದಾರ?" ಎಂದಳು. ಯಾರೂ ಅಳಿಸಬಾರದು ಅಂತ ಇರಬೇಕು ಅಂದರು ಮುತ್ಯಾ.

ಎರಡನೇ ದಿನ ಹಗುರ. ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್, ಹತ್ತುವುದು ಇಳಿಯುವುದು ಇಲ್ಲ, ಹುಲ್ಲುಹಾಸಿನ ಮೇಲೆ ಗುಡಿಗಳು. ಸಣ್ಣವರು ಓಡಾಡಬಹುದು, ಹಿರಿಯರು ನಡೆಯಬಹುದು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳಿವೆ. ಕಥೆ ಗೊತ್ತಿರುವ ಮಕ್ಕಳಿಗೆ "ಇದು ಯಾರು ಹೇಳು" ಆಟ ಆಡಿಸಬಹುದು. ಐಹೊಳೆಯಲ್ಲಿ ದುರ್ಗ ಗುಡಿ ಮಾತ್ರ ನಿಧಾನಕ್ಕೆ ನೋಡಿ, ಹಿಂಭಾಗ ದುಂಡಗಿದೆ. ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಕೋಟೆಯಿಂದ. ಬಿಸಿಲಿದ್ದರೆ ಮೇಗುತಿ ಗುಡ್ಡ ಬಿಡಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ರವಿಕೀರ್ತಿ ಬರೆದಿಟ್ಟದ್ದು ಅಲ್ಲೇ, 634ರಲ್ಲಿ. ಏಳನೆಯ ತರಗತಿಯ ಮೇಲಿನ ಮಕ್ಕಳಿದ್ದರೆ ಹತ್ತಿಸಿ.

ಕಲಬುರಗಿ-ಬೀದರ: ಕೈಕೆಲಸ ಇಷ್ಟಪಡುವ ಮಕ್ಕಳಿಗೆ

ಬೀದರವನ್ನು ನಮ್ಮ ಕಡೆಯವರು ಯಾಕೋ ಲೆಕ್ಕಕ್ಕೇ ಇಡುವುದಿಲ್ಲ. ಒಂದು ರಾತ್ರಿ ಇಟ್ಟುಕೊಂಡರೆ ಸಾಕು. ಕಲಬುರಗಿಯನ್ನು ಹೋಗುವಾಗಿನ ಊಟದ ನಿಲ್ದಾಣ ಮಾಡಿ. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ಇದೇ ರಾಜಧಾನಿ. ಕೋಟೆಯೊಳಗಿನ ಮಸೀದಿಗೆ ಅಂಗಳವೇ ಇಲ್ಲ, ಇಡೀ ಮಸೀದಿ ಗುಮ್ಮಟಗಳ ಕೆಳಗೆ. ಒಳಗೆ ತಂಪು, ಕಮಾನಿನ ಹಿಂದೆ ಕಮಾನು. ಬಾರಾ ಗಜಿ ತೋಪು 29 ಅಡಿ ಉದ್ದ. ನಮ್ಮ ತೋಪಿನ ಸಾಹುಕಾರ ತನ್ನ ಹೆಜ್ಜೆಯಲ್ಲಿ ಅಳೆದ. ಒಂದು ತಾಸು, ಅಷ್ಟೇ.

ಬೀದರ ಕೋಟೆಯ ಹೊರಗೆ ಮೂರು ಸಾಲು ಕಂದಕ, ಕೆಂಪು ಜಂಬಿಟ್ಟಿಗೆ ಬಂಡೆಯಲ್ಲೇ ಕೊರೆದದ್ದು. ಒಳಗೆ ರಂಗೀನ್ ಮಹಲ್, ಕರಿ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಮಿಣಮಿಣ ಅನ್ನುತ್ತದೆ. ಬೀಗ ಹಾಕಿದ್ದರೆ ಸಿಬ್ಬಂದಿಯನ್ನು ಕೇಳಿ. ಊರೊಳಗೆ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ, 1472ರದ್ದು. ಒಂದು ಮೂಲೆ ಸಿಡಿಮದ್ದು ಸ್ಫೋಟಗೊಂಡು ಹಾರಿಹೋಗಿದೆ, ಉಳಿದ ಗೋಡೆಯ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಇವೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು. ಒಂದರ ಗುಮ್ಮಟ ಸಿಡಿಲಿಗೆ ಒಡೆದು ಅರ್ಧ ಮಾತ್ರ ನಿಂತಿದೆ, ಒಡೆದ ಮೊಟ್ಟೆಯಂತೆ. ಗುಮ್ಮಟದ ಗೋಡೆ ಎಷ್ಟು ದಪ್ಪ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗೋಲ ಗುಮ್ಮಟದಲ್ಲಿ ಕಾಣದ ಒಳಹೊಟ್ಟೆ ಇಲ್ಲಿ ಕಾಣುತ್ತದೆ.

ಆದರೆ ಬೀದರಕ್ಕೆ ಹೋಗಬೇಕಾದದ್ದು ಬಿದರಿ ಕೆಲಸ ನೋಡಲು. ಊರ ನಡುವಿನ ಚೌಬಾರ ಗೋಪುರದ ಸುತ್ತಮುತ್ತ ಸಣ್ಣ ಸಣ್ಣ ಕಾರಖಾನೆಗಳಿವೆ, ಕೇಳಿದರೆ ಒಳಗೆ ಕರೆಯುತ್ತಾರೆ. ಹೆಚ್ಚು ಸತು, ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ. ಅದರ ಮೇಲೆ ಚಾಣದಿಂದ ಬಳ್ಳಿ, ಹೂ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಕೂರಿಸುತ್ತಾರೆ. ಅಲ್ಲಿಯವರೆಗೆ ಪಾತ್ರೆ ಬೂದು ಬಣ್ಣ, ಬೆಳ್ಳಿ ಗೆರೆ ಕಂಡೂ ಕಾಣದ ಹಾಗೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಹಾಕಿದ ನೀರಲ್ಲಿ ಕುದಿಸುತ್ತಾರೆ. ತೆಗೆದರೆ ಲೋಹ ಕಪ್ಪಗೆ, ಬೆಳ್ಳಿ ಬೆಳ್ಳಗೆ. ಬೆಳ್ಳಿಗೆ ಆ ಮಣ್ಣು ಏನೂ ಮಾಡುವುದಿಲ್ಲ. ಮಗಳು ಬಾಯಿ ತೆರೆದುಕೊಂಡು ನಿಂತಿದ್ದಳು. ಮಣ್ಣು ಸರಿ ಇದೆಯೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರೆ ಎಂದು ಆ ಕುಶಲಕರ್ಮಿ ಹೇಳಿದರು. ನಾನು ತಿರುಗಿ ನೋಡುವಷ್ಟರಲ್ಲಿ ನಮ್ಮ ಸಣ್ಣವನ ತುಟಿಯ ಮೇಲೆ ಮಣ್ಣು. "ಉಪ್ಪು" ಅಂದ.

ಮುತ್ಯಾನಿಗೆ ಬೀದರ ಎಲ್ಲದಕ್ಕಿಂತ ಹಿಡಿಸಿತು. ಕಾರಣ ಗುರು ನಾನಕ್ ಝೀರಾ ಗುರುದ್ವಾರ. ಝರಿಯ ನೀರು, ಲಂಗರ್‌ನಲ್ಲಿ ನೆಲದ ಮೇಲೆ ಸಾಲಾಗಿ ಕೂತು ಊಟ. ಯಾರೂ ದುಡ್ಡು ಕೇಳುವುದಿಲ್ಲ. ತಲೆಗೆ ವಸ್ತ್ರ ಕಟ್ಟಿಕೊಂಡು ಮಕ್ಕಳು ರೊಟ್ಟಿ ಹಂಚಲು ನಿಂತರು.

ಬಿಸಿಲು, ಜಾತ್ರೆ, ಶುಕ್ರವಾರ

ಏಪ್ರಿಲ್-ಮೇ ಎಲ್ಲೂ ಬೇಡ. ವಿಜಯಪುರದ ಬಿಸಿಲು ನಮ್ಮ ಬಿಸಿಲಿನ ಒಡಹುಟ್ಟಿದ್ದೇ. ಬೇಸಿಗೆ ರಜೆಯಲ್ಲಿ ಹೋಗಲೇಬೇಕು ಅಂದರೆ ಬೀದರ, ಅದು ಎತ್ತರದಲ್ಲಿದೆ, ಸಂಜೆ ಗಾಳಿ ಬೀಸುತ್ತದೆ. ಸಂಕ್ರಾಂತಿಗೆ ನಮ್ಮಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ, ಅದೇ ಹೊತ್ತಿಗೆ ವಿಜಯಪುರದಲ್ಲೂ ಸಿದ್ಧೇಶ್ವರ ಜಾತ್ರೆ. ಜಾತ್ರೆ ಮುಗಿದ ಮೇಲಿನ ವಾರ ಬಾದಾಮಿಗೆ ಹೇಳಿ ಮಾಡಿಸಿದ್ದು, ನಾವು ಹೋದದ್ದು ಆಗಲೇ.

ಪುರಾತತ್ವ ಇಲಾಖೆಯ ಟಿಕೆಟ್ ಇರುವ ಕಡೆ 15ರ ಒಳಗಿನ ಮಕ್ಕಳಿಗೆ ಪುಕ್ಕಟೆ. ದೊಡ್ಡವರಿಗೆ ನಾವು ಕೊಟ್ಟದ್ದು ಗೋಲ ಗುಮ್ಮಟ, ಬಾದಾಮಿಯಲ್ಲಿ 25 ರೂಪಾಯಿ, ಪಟ್ಟದಕಲ್ಲಿನಲ್ಲಿ 40. ಮೊಬೈಲಿನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ. ಗೋಲ ಗುಮ್ಮಟದ ಮುಂದಿನ ಮ್ಯೂಜಿಯಂ, ಬಾದಾಮಿ, ಐಹೊಳೆಯ ಮ್ಯೂಜಿಯಂಗಳಿಗೆ ಶುಕ್ರವಾರ ರಜೆ. ನಾವು ಮೊದಲ ಸಲ ವಿಜಯಪುರಕ್ಕೆ ಹೋದದ್ದು ಶುಕ್ರವಾರ. ಮುಚ್ಚಿದ ಬಾಗಿಲಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇನ್ನೂ ಇದೆ.

ಒಂದು ಸಣ್ಣ ಮಾತು. ಎಂಎಚ್ 13 ನಂಬರಿನ ಕಾರು ಕಂಡರೆ ಆ ಕಡೆಯವರು ಮೊದಲು ಹಿಂದಿಯಲ್ಲೇ ಶುರು ಮಾಡುತ್ತಾರೆ. ಮಕ್ಕಳನ್ನು ಮುಂದೆ ಬಿಡಿ. "ಕಾಕಾ, ನೀರು ಎಲ್ಲಿ ಸಿಗತಾವ್ರಿ?" ಎಂದು ಮಗಳು ಕೇಳಿದ ಕೂಡಲೇ ಎದುರಿನವರ ಮುಖ ಅರಳುತ್ತದೆ, ಪಾರ್ಕಿಂಗ್ ಜಾಗವೂ ಸಿಗುತ್ತದೆ.

ಇಷ್ಟೆಲ್ಲ ಸುತ್ತಿದ ಮೇಲೆ ಈ ದೀಪಾವಳಿಗೆ ಎಲ್ಲಿಗೆ ಎಂದು ಮನೆಯಲ್ಲಿ ಚೀಟಿ ಹಾಕಿದೆವು. ಮುತ್ಯಾ ಬೀದರ ಬರೆದರು. ನಾನು ಬಾದಾಮಿ ಬರೆದೆ. ಹೆಂಡತಿ, ಇಬ್ಬರೂ ಮಕ್ಕಳು ವಿಜಯಪುರ. ಇಬ್ರಾಹಿಂ ರೋಜಾ ಬಾಕಿ ಇದೆಯಲ್ಲ ಅಂತ ನನ್ನಾಕೆ. ಮಗನ ಕಾರಣ ಬೇರೆ. ಗುಮ್ಮಟದಲ್ಲಿ ಕೂಗು ಏಳು ಸಲ ಮರಳಿ ಬರುತ್ತದೆ ಎಂದು ಯಾರೋ ಹೇಳಿದ್ದರು, ಅವನ ಎಣಿಕೆ ಕಳೆದ ಸಲ ಆರಕ್ಕೇ ತಪ್ಪಿತ್ತಂತೆ.